ಒಂದೇ ಭಯ, ಎರಡು ಕಾಯಿಲೆ: ಅನೊರೆಕ್ಸಿಯಾ ಮತ್ತು ಬುಲಿಮಿಯಾ

ಹದಿಹರೆಯದವರಲ್ಲಿ ಕಾಣಿಸಿಕೊಳ್ಳುವ ಆಹಾರ ಸೇವನೆಯ ಕಾಯಿಲೆಗಳ ಮಾತು ಬಂದಾಗಲೆಲ್ಲ ಎರಡು ಹೆಸರುಗಳು ಜೊತೆಜೊತೆಯಾಗಿ ಕೇಳಿಬರುತ್ತವೆ: ಅನೊರೆಕ್ಸಿಯಾ ನರ್ವೋಸಾ ಮತ್ತು ಬುಲಿಮಿಯಾ ನರ್ವೋಸಾ. ಮೊದಲನೆಯದು ಊಟ ಬಿಡುವ ಕಾಯಿಲೆ, ಎರಡನೆಯದು ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಇಷ್ಟನ್ನೇ ಕೇಳಿದವರಿಗೆ ಇವು ಒಂದಕ್ಕೊಂದು ತದ್ವಿರುದ್ಧವಾದ ಕಾಯಿಲೆಗಳೆಂದು ತೋರುವುದು ಸಹಜ. ಆದರೆ ಎರಡರ ಬೇರೂ ಒಂದೇ ನೆಲದಲ್ಲಿದೆ. ದಪ್ಪಗಾಗಿಬಿಡುತ್ತೇನೆಂಬ ಬಿಡದ ಭಯ, ತನ್ನ ಯೋಗ್ಯತೆಯನ್ನೆಲ್ಲ ತೂಕ ಮತ್ತು ಮೈಕಟ್ಟಿನಿಂದಲೇ ಅಳೆದುಕೊಳ್ಳುವ ಮನಸ್ಥಿತಿ, ಆ ಭಯದಿಂದಾಗಿ ತನ್ನ ಮೇಲೆ ತಾನೇ ಹೇರಿಕೊಂಡ ಹಸಿವು, ಇವು ಎರಡರಲ್ಲೂ ಇರುತ್ತವೆ. ವ್ಯತ್ಯಾಸವಾಗುವುದು ಆ ಹಸಿವಿಗೆ ದೇಹವೂ ಮನಸ್ಸೂ ಕೊಡುವ ಉತ್ತರದಲ್ಲಿ. ಈ ನಂಟನ್ನು ಗಮನಿಸದವರ ಕಣ್ಣಿಗೆ ಅನೊರೆಕ್ಸಿಯಾ ಬರೀ ಹಟದಂತೆಯೂ ಬುಲಿಮಿಯಾ ಬರೀ ಹೊಟ್ಟೆಬಾಕತನದಂತೆಯೂ ಕಾಣುತ್ತದೆ, ಮತ್ತು ಅದೇ ಕಾರಣಕ್ಕೆ ಎಷ್ಟೋ ಮಕ್ಕಳಿಗೆ ಸಿಗಬೇಕಾದ ಚಿಕಿತ್ಸೆಯ ಬದಲು ಬೈಗುಳ ಸಿಗುತ್ತದೆ.

ಅನೊರೆಕ್ಸಿಯಾ ಸಾಮಾನ್ಯವಾಗಿ 14ರಿಂದ 18ರ ವಯಸ್ಸಿನ ನಡುವೆ ಶುರುವಾಗುತ್ತದೆ. ಮೊದಲು ಸಿಹಿ, ಎಣ್ಣೆ ಬಿಡುತ್ತಾರೆ. ಆಮೇಲೆ ಅನ್ನ ಬಿಡುತ್ತಾರೆ. ಕೊನೆಗೆ ಒಂದೊಂದೇ ಹೊತ್ತಿನ ಊಟವನ್ನೇ ಬಿಡುತ್ತಾರೆ. ವಯಸ್ಸಿಗೂ ಎತ್ತರಕ್ಕೂ ಇರಬೇಕಾದ ತೂಕಕ್ಕಿಂತ ಬಹಳ ಕೆಳಗೆ ಇಳಿದ ಮೇಲೂ ಅವರಿಗೆ ತಾವು ದಪ್ಪಗಿದ್ದೇವೆಂದೇ ಅನ್ನಿಸುತ್ತಿರುತ್ತದೆ, ಅಥವಾ ತಮ್ಮ ಸ್ಥಿತಿ ಎಷ್ಟು ಗಂಭೀರವಾಗಿದೆ ಎಂಬುದು ಅವರ ಅರಿವಿಗೇ ಬರುವುದಿಲ್ಲ. ಹಸಿವಾಗದ ಕಾರಣಕ್ಕೆ ಅವರು ಊಟ ಬಿಡುತ್ತಾರೆಂದು ತಿಳಿಯಬಾರದು. ಹಸಿವಾಗುತ್ತದೆ, ಬಹಳವೇ ಆಗುತ್ತದೆ. ಅದನ್ನು ಮೆಟ್ಟಿ ನಿಂತೆನೆಂಬ ಸಮಾಧಾನವೇ ಕ್ರಮೇಣ ಅವರ ದಿನದ ದೊಡ್ಡ ಆಸರೆಯಾಗಿಬಿಡುತ್ತದೆ. ಮನೆಮಂದಿಗೆಲ್ಲ ಬಗೆಬಗೆಯ ಅಡುಗೆ ಮಾಡಿ ಉಪಚರಿಸಿ ಬಡಿಸುವ ಹುಡುಗಿ ತಾನು ಮಾತ್ರ ಒಂದು ತುತ್ತನ್ನೂ ಬಾಯಿಗಿಡದಿರುವುದು ಈ ಕಾಯಿಲೆಯಲ್ಲಿ ಪದೇಪದೇ ಕಾಣುವ ದೃಶ್ಯ.

ಇದು ಇನ್‌ಸ್ಟಾಗ್ರಾಮ್ ಕಾಲದ ಕಾಯಿಲೆಯೆಂಬ ಮಾತು ಪೂರ್ತಿ ನಿಜವಲ್ಲ. ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಕ್ಷಯರೋಗವನ್ನು ಕುರಿತ ತನ್ನ ಲ್ಯಾಟಿನ್ ಗ್ರಂಥದಲ್ಲಿ, ಜ್ವರವಾಗಲಿ ಕೆಮ್ಮಾಗಲಿ ಇಲ್ಲದೆ ಬರೀ ಅನ್ನ ಬಿಟ್ಟು ಅಸ್ಥಿಪಂಜರದಂತಾಗಿದ್ದ ಇಬ್ಬರ ಬಗ್ಗೆ ಬರೆದಿದ್ದಾನೆ. ಅವರಲ್ಲಿ ಒಬ್ಬಳು 18 ವರ್ಷದ ಹುಡುಗಿ, ಇನ್ನೊಬ್ಬ 16 ವರ್ಷದ ಹುಡುಗ. ಔಷಧಿಗಳನ್ನು ದೂರವಿಟ್ಟ ಹುಡುಗಿ ತೀರಿಕೊಂಡಳು. ಓದು ಬಿಟ್ಟು ಹಳ್ಳಿಯ ಗಾಳಿಗೆ ಹೋಗಬೇಕೆಂಬ ಸಲಹೆ ಪಡೆದ ಹುಡುಗ ಬಹುಮಟ್ಟಿಗೆ ಚೇತರಿಸಿಕೊಂಡ. ಈ ಪ್ರಸಂಗವನ್ನು ಇಲ್ಲಿ ನೆನೆಯುವುದಕ್ಕೆ ಎರಡು ಕಾರಣಗಳಿವೆ. ಇದು ಹೆಣ್ಣುಮಕ್ಕಳಿಗಷ್ಟೇ ಬರುವ ಕಾಯಿಲೆಯೆಂಬ ಗ್ರಹಿಕೆ ಮೊದಲ ವರದಿಯ ಹೊತ್ತಿಗೇ ಸುಳ್ಳಾಗಿತ್ತು ಎಂಬುದು ಒಂದು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ನಮ್ಮಲ್ಲಿ ಹದಿಹರೆಯದ ಮಗು ಸೊರಗಿದರೆ ಇಂದಿಗೂ ಮೊದಲು ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆಗಳ ಪರೀಕ್ಷೆ ನಡೆಯುತ್ತದೆ. ಅದು ನಡೆಯಲೇಬೇಕು. ಆದರೆ ಎಲ್ಲವೂ ಸರಿಯಾಗಿದೆಯೆಂದು ವರದಿ ಬಂದ ಮೇಲೆ ಮನೆಯವರು ನಿಟ್ಟುಸಿರು ಬಿಟ್ಟು ಸುಮ್ಮನಾಗಿಬಿಡುತ್ತಾರೆ, ಮಾರ್ಟನ್ ಹುಡುಕತೊಡಗಿದ್ದು ಅಲ್ಲಿಂದ ಮುಂದೆ. ತೀವ್ರ ಅನೊರೆಕ್ಸಿಯಾದಲ್ಲೂ ರಕ್ತಪರೀಕ್ಷೆಯ ವರದಿ ಸರಿಯಾಗಿಯೇ ಇರುವುದು ಅಪರೂಪವೇನಲ್ಲ.

ಇದಕ್ಕೆ ಪ್ರತ್ಯೇಕ ಕಾಯಿಲೆಯೆಂಬ ಸ್ಥಾನ ಸಿಕ್ಕಿದ್ದು 1873ರ ಆಸುಪಾಸಿನಲ್ಲಿ, ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಎಂಬ ವೈದ್ಯರಿಂದ. ಈಗಿನ ಹೆಸರು ಗಲ್ ಕೊಟ್ಟದ್ದು. ಲಾಸೆಗ್ ರೋಗಿಯ ಜೊತೆಗೆ ರೋಗಿಯ ಮನೆಯನ್ನೂ ಗಮನಿಸಿದ. ಮನೆಯವರ ಬಳಿ ಇರುವುದು ಎರಡೇ ಅಸ್ತ್ರ, ಒಂದು ಗೋಗರೆಯುವುದು, ಇನ್ನೊಂದು ಗದರಿಸುವುದು; ಎರಡೂ ಬಲುಬೇಗ ಸವೆದುಹೋಗುತ್ತವೆ ಎಂದು ಅವನು ಕಂಡುಕೊಂಡಿದ್ದ. ಒಂದೂವರೆ ಶತಮಾನದ ಹಿಂದಿನ ಈ ಮಾತು ಇಂದಿನ ನಮ್ಮ ಮನೆಗಳಿಗೂ ಅಕ್ಷರಶಃ ಒಪ್ಪುತ್ತದೆ.

ಬುಲಿಮಿಯಾದ ವೈದ್ಯಕೀಯ ಚರಿತ್ರೆ ಇದಕ್ಕೆ ಹೋಲಿಸಿದರೆ ತೀರ ಇತ್ತೀಚಿನದು. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ತನ್ನ 30 ರೋಗಿಗಳನ್ನು ಕುರಿತು ಲೇಖನ ಪ್ರಕಟಿಸಿ ಈ ಹೆಸರನ್ನು ಬಳಕೆಗೆ ತಂದ. ಇದು ಅನೊರೆಕ್ಸಿಯಾದ್ದೇ ಒಂದು ಅಪಾಯಕಾರಿ ರೂಪ ಎಂಬುದು ಅವನ ಅಭಿಪ್ರಾಯವಾಗಿತ್ತು. ಅವನ ರೋಗಿಗಳಲ್ಲಿ ಹೆಚ್ಚಿನವರು ಹಿಂದೊಮ್ಮೆ ಅನೊರೆಕ್ಸಿಯಾವನ್ನು ಹಾದುಬಂದವರೇ ಆಗಿದ್ದರು. ಬುಲಿಮಿಯಾ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ತುಸು ತಡವಾಗಿ, ಹದಿಹರೆಯದ ಕೊನೆಯಲ್ಲಿ ಇಲ್ಲವೆ ಇಪ್ಪತ್ತರ ಆರಂಭದಲ್ಲಿ, ಅಂದರೆ ನಮ್ಮಲ್ಲಿ ಪಿಯುಸಿ ಮುಗಿಸಿ ಕಾಲೇಜು ಹಾಸ್ಟೆಲ್ಲಿಗೋ ಪೇಯಿಂಗ್ ಗೆಸ್ಟ್ ಮನೆಗೋ ಸೇರುವ ಹೊತ್ತಿನಲ್ಲಿ. ಇದರಲ್ಲಿ ಎರಡು ಹಂತಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಮೊದಲನೆಯದು ಸ್ವಲ್ಪವೇ ಸಮಯದಲ್ಲಿ, ಬೇರೆಯವರು ಅದೇ ಅವಧಿಯಲ್ಲಿ ತಿನ್ನಬಹುದಾದುದಕ್ಕಿಂತ ಎಷ್ಟೋ ಹೆಚ್ಚನ್ನು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ತಿಂದುಬಿಡುವುದು. ಎರಡನೆಯದು ಅದರ ಬೆನ್ನಿಗೇ ನುಗ್ಗಿಬರುವ ಭಯ, ನಾಚಿಕೆಗಳಿಂದ ಅದನ್ನು ಹೇಗಾದರೂ ಸರಿದೂಗಿಸಲು ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮದ ಮೊರೆಹೋಗುವುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯದ ಕೈಪಿಡಿಯ ಪ್ರಕಾರ ಇದು ಸರಾಸರಿ ವಾರಕ್ಕೊಮ್ಮೆಯಂತೆ ಮೂರು ತಿಂಗಳು ನಡೆದಿದ್ದರೆ ಬುಲಿಮಿಯಾ ಎನ್ನಬಹುದು. ಅದಕ್ಕೂ ಮೊದಲು ವಾರಕ್ಕೆರಡು ಸಲ ಎಂಬ ನಿಯಮವಿತ್ತು. ವಿಪರೀತ ತಿನ್ನುವುದಷ್ಟೇ ಇದ್ದು ಸರಿದೂಗಿಸುವ ಪ್ರಯತ್ನವಿಲ್ಲದಿದ್ದರೆ ಅದು ಬಿಂಜ್ ಈಟಿಂಗ್ ಎಂಬ ಮೂರನೆಯ ಕಾಯಿಲೆ. ಅದು ಈ ಲೇಖನದ ವ್ಯಾಪ್ತಿಯ ಹೊರಗಿನದು.

ಬುಲಿಮಿಯಾ ಇರುವವರ ತೂಕ ಬಹುತೇಕ ಸಾಮಾನ್ಯವಾಗಿಯೇ ಇರುತ್ತದೆ, ಕೆಲವೊಮ್ಮೆ ಸ್ವಲ್ಪ ಹೆಚ್ಚೂ ಇರಬಹುದು. ಎಲ್ಲರ ಜೊತೆ ಕೂತು ಉಣ್ಣುತ್ತಾರೆ, ತರಗತಿಗೆ ಹೋಗುತ್ತಾರೆ, ನಗುತ್ತಾರೆ. ಹೀಗಾಗಿ ಒಂದೇ ಕೋಣೆಯಲ್ಲಿರುವ ಗೆಳತಿಗೂ ವರ್ಷಗಟ್ಟಲೆ ಏನೂ ತಿಳಿಯದಿರಬಹುದು. ಬ್ರಿಟನ್ನಿನ ರಾಜಕುಮಾರಿ ಡಯಾನಾ 1995ರ ಬಿಬಿಸಿ ಸಂದರ್ಶನದಲ್ಲಿ ತನಗಿದ್ದ ಬುಲಿಮಿಯಾ ಬಗ್ಗೆ ಬಾಯಿಬಿಟ್ಟಾಗ ಅದನ್ನು ಗುಟ್ಟಿನ ಕಾಯಿಲೆಯೆಂದೇ ಕರೆದಿದ್ದರು. ಜಗತ್ತಿನ ಅತಿ ಹೆಚ್ಚು ಕ್ಯಾಮೆರಾಗಳ ಎದುರಿನಲ್ಲಿ ಬದುಕಿದ ಹೆಣ್ಣುಮಗಳೊಬ್ಬರು ವರ್ಷಗಳ ಕಾಲ ಅದನ್ನು ಮುಚ್ಚಿಟ್ಟುಕೊಂಡಿದ್ದರೆಂದರೆ ಅದರ ಸ್ವರೂಪ ಊಹಿಸಬಹುದು. ಅನೊರೆಕ್ಸಿಯಾ ಹೀಗೆ ಅಡಗಿರಲಾರದು. ಅಮೆರಿಕದ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಅದರ ಪರಿಣಾಮವಾಗಿ ಹೃದಯ ಸೋತು 1983ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ವಯಸ್ಸು 32. ಅವರು ಸೊರಗುತ್ತಿದ್ದುದನ್ನು ಅದಕ್ಕೂ ಮುಂಚೆ ಅಭಿಮಾನಿಗಳೆಲ್ಲ ಕಣ್ಣಾರೆ ಕಂಡಿದ್ದರು. ಆದರೂ ಅದರ ಗಾಂಭೀರ್ಯ ಜನರಿಗೆ ಅರಿವಾದದ್ದು ಆ ಸಾವಿನ ನಂತರವೇ.

ಹಾಗಿದ್ದರೆ ಇವೆರಡರ ನಡುವಿನ ಗೆರೆ ಎಲ್ಲಿದೆ? ವಾಂತಿ ಮಾಡಿಕೊಳ್ಳುವುದರಲ್ಲಿ ಇಲ್ಲ. ಅನೊರೆಕ್ಸಿಯಾದಲ್ಲೇ ಎರಡು ಬಗೆಗಳಿವೆ: ಊಟವನ್ನು ಕಡಿಮೆ ಮಾಡುತ್ತಲೇ ಹೋಗುವುದು ಒಂದು, ನಡುನಡುವೆ ವಿಪರೀತ ತಿಂದು ಹೊರಹಾಕುವುದು ಇನ್ನೊಂದು. ಈ ಎರಡನೆಯ ಬಗೆಯನ್ನು ಬುಲಿಮಿಯಾದಿಂದ ಬೇರ್ಪಡಿಸುವುದು ಅಪಾಯದ ಮಟ್ಟಕ್ಕೆ ಇಳಿದ ತೂಕ ಮಾತ್ರ. ಗೆರೆ ಎಷ್ಟು ತೆಳುವೆಂಬುದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದ ಅಧ್ಯಯನವೊಂದರಿಂದ ಗೊತ್ತಾಯಿತು. ಅಲ್ಲಿ 216 ಮಹಿಳೆಯರನ್ನು ಏಳು ವರ್ಷಗಳ ಕಾಲ ಗಮನಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅನೊರೆಕ್ಸಿಯಾ ಇದ್ದವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಆ ಅವಧಿಯಲ್ಲಿ ಬುಲಿಮಿಯಾದ ಕಡೆಗೆ ದಾಟಿದ್ದರು. ಮಗಳು ತಿನ್ನತೊಡಗಿದ್ದಾಳೆ, ತೂಕವೂ ಬಂದಿದೆ, ಇನ್ನೇನು ಹುಷಾರಾದಳು ಎಂದು ಮನೆಯವರು ಹಿಗ್ಗುವ ಹೊತ್ತಿನಲ್ಲಿ ಕಾಯಿಲೆ ವೇಷ ಬದಲಿಸಿಕೊಂಡಿರಬಹುದು.

ಈ ದಾಟುವಿಕೆಯ ಒಳಗುಟ್ಟು ತಿಳಿಯಬೇಕಾದರೆ, ಆಹಾರ ಸೇವನೆಯ ಕಾಯಿಲೆಗಳಿಗೆ ಸಂಬಂಧವೇ ಇಲ್ಲದ ಉದ್ದೇಶಕ್ಕಾಗಿ ನಡೆದ ಒಂದು ಪ್ರಯೋಗದ ಕಡೆಗೆ ತಿರುಗಬೇಕು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಕಂಗೆಟ್ಟಿದ್ದರು. ಅವರಿಗೆ ಮತ್ತೆ ಉಣಿಸುವ ಸರಿಯಾದ ಕ್ರಮ ಯಾವುದೆಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ 1944ರ ಕೊನೆಯಲ್ಲಿ ಪ್ರಯೋಗವೊಂದು ಆರಂಭವಾಯಿತು. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸೊಪ್ಪದೆ, ಬೇರೆ ರೀತಿಯಲ್ಲಿ ಸೇವೆ ಸಲ್ಲಿಸಲು ಮುಂದೆ ಬಂದಿದ್ದ 36 ಯುವಕರು ಸ್ವಇಚ್ಛೆಯಿಂದ ಅದರಲ್ಲಿ ಪಾಲ್ಗೊಂಡರು. ದೇಹ, ಮನಸ್ಸು ಎರಡರಲ್ಲೂ ಗಟ್ಟಿಯಾಗಿರುವವರನ್ನೇ ಪರೀಕ್ಷಿಸಿ ಆರಿಸಲಾಗಿತ್ತು. ಆರು ತಿಂಗಳ ಕಾಲ ಅವರಿಗೆ ಅರೆಹೊಟ್ಟೆ ಊಟ ಕೊಟ್ಟಾಗ ಅವರ ತೂಕ ಸುಮಾರು ಕಾಲು ಭಾಗದಷ್ಟು ಇಳಿಯಿತು.

ತೂಕದ ಜೊತೆಗೆ ಆದ ಬದಲಾವಣೆಗಳೇ ನಮಗೆ ಮುಖ್ಯ. ಆ ಯುವಕರಿಗೆ ಆಹಾರದ ಹೊರತು ಬೇರೆ ಯೋಚನೆಯೇ ಇಲ್ಲದಂತಾಯಿತು. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದವರು ಪಾಕಪುಸ್ತಕಗಳನ್ನು ಕೂಡಿಡತೊಡಗಿದರು. ತಟ್ಟೆಯಲ್ಲಿದ್ದ ಸ್ವಲ್ಪವನ್ನೇ ಗಂಟೆಗಟ್ಟಲೆ ಎಳೆದಾಡಿ ತಿಂದರು, ತಟ್ಟೆ ನೆಕ್ಕಿದರು. ಬೇಸಿಗೆಯಲ್ಲೂ ಚಳಿಯೆಂದರು. ಗೆಳೆಯರಿಂದ ದೂರವಾದರು, ಸಣ್ಣ ವಿಷಯಕ್ಕೆ ಸಿಡುಕಿದರು, ಮಂಕು ಬಡಿದವರಂತೆ ಕುಳಿತರು. ಮತ್ತೆ ಹೊಟ್ಟೆತುಂಬ ಊಟ ಸಿಕ್ಕಾಗ ಕೆಲವರು ಮೈಮರೆತು ತಿಂದರು, ಹೊಟ್ಟೆ ಬಿರಿಯುವಷ್ಟು ತಿಂದ ಮೇಲೂ ಹಸಿವು ಇಂಗಿಲ್ಲವೆಂದರು. ತಿಂದು ತಿಂದು ವಾಂತಿಯಾದವರೂ ಇದ್ದರು. ಇವರಲ್ಲಿ ಯಾರೂ ತೆಳ್ಳಗಾಗಬೇಕೆಂದು ಹೊರಟವರಲ್ಲ, ಯಾರೂ ಕನ್ನಡಿಯ ಮುಂದೆ ಕೊರಗಿದವರಲ್ಲ. ಅನೊರೆಕ್ಸಿಯಾ ಮತ್ತು ಬುಲಿಮಿಯಾಗಳ ವಿಚಿತ್ರ ನಡವಳಿಕೆಯೆಂದು ನಾವು ಭಾವಿಸುವ ಎಷ್ಟೋ ಸಂಗತಿಗಳು ಬರೀ ದೀರ್ಘಕಾಲದ ಹಸಿವಿನ ಫಲವೆಂದು 1950ರಲ್ಲಿ ಪ್ರಕಟವಾದ ಈ ಪ್ರಯೋಗದ ವರದಿಯಿಂದ ಕಾಣಬಹುದು. ಇದನ್ನು ಹದಿಹರೆಯದ ಮಕ್ಕಳಿರುವ ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬುಲಿಮಿಯಾದ ಸುಳಿ ಈಗ ಅರ್ಥವಾಗುತ್ತದೆ. ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಅರೆಹೊಟ್ಟೆ ಉಂಡು, ಇಂತಿಂಥದನ್ನು ಮುಟ್ಟಲೇಬಾರದೆಂದು ಕಟ್ಟುನಿಟ್ಟು ಮಾಡಿಕೊಂಡವಳ ದೇಹ ಸಂಜೆಯ ಹೊತ್ತಿಗೆ ತಿರುಗಿಬೀಳುತ್ತದೆ. ನಿಷೇಧದ ಪಟ್ಟಿಯಲ್ಲಿದ್ದ ಒಂದು ತುಣುಕು ಬಾಯಿಗೆ ಬಿದ್ದರೆ ಸಾಕು, ಇವತ್ತಿನ ಕತೆ ಹೇಗೂ ಮುಗಿಯಿತೆಂದು ಮನಸ್ಸು ಕೈಚೆಲ್ಲುತ್ತದೆ, ಹಿಡಿತ ತಪ್ಪುತ್ತದೆ. ತಿಂದದ್ದನ್ನು ಹೊರಹಾಕಿದ ಮೇಲೆ ಅಪರಾಧಪ್ರಜ್ಞೆ ಬರುತ್ತದೆ, ಅದರಿಂದ ನಾಳೆಯಿಂದ ಇನ್ನೂ ಬಿಗಿಯಾದ ಕಟ್ಟುಪಾಡು, ಅದರಿಂದ ಇನ್ನೂ ತೀವ್ರವಾದ ಹಸಿವು. ಹೊರಹಾಕುವುದರಿಂದ ಎಲ್ಲವೂ ಸರಿಹೋಯಿತೆಂಬ ನಂಬಿಕೆಯೂ ಹುಸಿ. ತಿಂದದ್ದರ ದೊಡ್ಡ ಪಾಲು ಅಷ್ಟರಲ್ಲೇ ದೇಹಕ್ಕೆ ಸೇರಿರುತ್ತದೆ, ಭೇದಿಯಲ್ಲಿ ಹೋಗುವುದು ಬಹುಮಟ್ಟಿಗೆ ನೀರು ಮತ್ತು ಲವಣಗಳು.

ಅದೇ ಹಸಿವಿನ ಎದುರು ಒಬ್ಬರ ಬಿಗಿ ಸಡಿಲುವುದಿಲ್ಲ, ಇನ್ನೊಬ್ಬರದು ಸಡಿಲುತ್ತದೆ, ಹೀಗೇಕೆ? ಇದಕ್ಕೆ ಒಂದೇ ಉತ್ತರವಿಲ್ಲ. ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ, ತಪ್ಪಾದೀತೆಂದು ಸದಾ ಅಂಜುವ ಸ್ವಭಾವದವರು ಅನೊರೆಕ್ಸಿಯಾದಲ್ಲಿ ಹೆಚ್ಚಾಗಿ ಕಾಣುತ್ತಾರೆ. ಭಾವನೆಗಳ ಏರಿಳಿತ ಹೆಚ್ಚಿರುವವರು, ಆ ಕ್ಷಣದ ಒತ್ತಡಕ್ಕೆ ಬೇಗ ಮಣಿಯುವವರು ಬುಲಿಮಿಯಾದಲ್ಲಿ ಹೆಚ್ಚು. ವಂಶವಾಹಿಗಳ ಪಾಲೂ ದೊಡ್ಡದು. ಅನೊರೆಕ್ಸಿಯಾ ಇರುವ ಸುಮಾರು 17,000 ಜನರ ವಂಶವಾಹಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಈ ಕಾಯಿಲೆಯೊಡನೆ ನಂಟಿರುವ ಎಂಟು ತಾಣಗಳನ್ನು ಗುರುತಿಸಿತು. ಅವುಗಳ ಸಂಬಂಧ ಮನಸ್ಸಿನ ಕಾಯಿಲೆಗಳ ಜೊತೆಗಲ್ಲದೆ ದೇಹದ ಚಯಾಪಚಯದ ಜೊತೆಗೂ ಇತ್ತು. ನಾವು ಬೆಳೆಸಿದ್ದೇ ಸರಿಯಿರಲಿಲ್ಲವೆಂದು ಕೊರಗುವ ಅಪ್ಪ ಅಮ್ಮಂದಿರು ಈ ಮಾತನ್ನು ಗಮನಿಸಬೇಕು.

ಆದರೆ ಒಳಗಿದ್ದ ಒಲವು ಕಾಯಿಲೆಯಾಗಿ ಹೊರಬರಲು ಬಹುತೇಕ ಡಯಟ್ ನೆಪವಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸುಮಾರು 2,000 ಶಾಲಾಮಕ್ಕಳನ್ನು ಮೂರು ವರ್ಷ ಗಮನಿಸಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಠಿಣ ಡಯಟ್ ಮಾಡುತ್ತಿದ್ದ ಹುಡುಗಿಯರಿಗೆ ಮುಂದಿನ ಆರು ತಿಂಗಳಲ್ಲಿ ಇಂಥ ಕಾಯಿಲೆ ಬರುವ ಸಾಧ್ಯತೆ ಡಯಟ್ ಮಾಡದವರಿಗಿಂತ 18 ಪಟ್ಟು ಹೆಚ್ಚಿತ್ತು. ಫಿಜಿ ದ್ವೀಪದ ನಡ್ರೋಗ ಪ್ರಾಂತದಲ್ಲಿ, ತುಂಬಿದ ಮೈಯನ್ನು ಆರೋಗ್ಯದ ಗುರುತೆಂದು ಮೆಚ್ಚುವ ಜನರ ನಡುವೆ, 1995ರಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆಂದು ಆ ವರ್ಷ ಹೇಳಿದ ಶಾಲಾಬಾಲಕಿ ಒಬ್ಬಳೂ ಇರಲಿಲ್ಲ. ಮೂರು ವರ್ಷಗಳ ನಂತರ ಹಾಗೆ ಹೇಳಿದವರು ನೂರಕ್ಕೆ 11 ಮಂದಿ. ಇಂದು ಪ್ರತಿ ಮಗುವಿನ ಅಂಗೈಯಲ್ಲೂ ಇರುವ ಪರದೆಯ ಬಗ್ಗೆ ಯೋಚಿಸುವಾಗ ಈ ಸಂಗತಿ ನನ್ನನ್ನು ಕಳವಳಕ್ಕೀಡುಮಾಡುತ್ತದೆ.

ಭಾರತದಲ್ಲಿ ಇವು ಇಲ್ಲವೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ದೆಹಲಿಯ ಮನೋವೈದ್ಯರು 1995ರಲ್ಲಿ ವರದಿ ಮಾಡಿದ ಐವರು ಯುವತಿಯರು ಊಟ ಒಲ್ಲೆನೆನ್ನುತ್ತಿದ್ದರು, ವಾಂತಿ ನಿಲ್ಲುತ್ತಿರಲಿಲ್ಲ, ತೂಕ ಇಳಿದಿತ್ತು, ಮುಟ್ಟು ನಿಂತಿತ್ತು. ಆದರೆ ತಮ್ಮ ದೇಹದ ಬಗ್ಗೆ ಪಾಶ್ಚಾತ್ಯ ರೋಗಿಗಳಲ್ಲಿ ಕಾಣುವ ತಪ್ಪು ಕಲ್ಪನೆ ಅವರಲ್ಲಿ ಇರಲಿಲ್ಲ. ಹೊಟ್ಟೆ ಉಬ್ಬರ, ಪಿತ್ತ, ಗ್ಯಾಸ್ಟ್ರಿಕ್, ಊಟ ಸೇರುವುದಿಲ್ಲ ಎಂಬ ರೂಪದಲ್ಲಿ ಬರುವ ದೂರುಗಳ ಹಿಂದೆಯೂ ಈ ಕಾಯಿಲೆ ಇರಬಹುದೆಂದು ವೈದ್ಯರು ನೆನಪಿಡಬೇಕಾದದ್ದು ಇದರಿಂದಲೇ. ಬೆಂಗಳೂರಿನ ಮನೋವೈದ್ಯರ ನಡುವೆ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಉತ್ತರಿಸಿದವರ ಪೈಕಿ ಮೂರನೇ ಎರಡರಷ್ಟು ಮಂದಿ ತಾವು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದೇವೆಂದರು. ನಮ್ಮಲ್ಲಿ ಮದುವೆಮನೆಗೆ ಹೋದರೆ ಕುಶಲ ಕೇಳುವ ಮೊದಲೇ “ಯಾಕೆ, ಇಷ್ಟು ದಪ್ಪ ಆಗಿದ್ದೀಯಲ್ಲೇ” ಎಂದೋ “ಒಳ್ಳೇ ಕಡ್ಡಿ ಆಗಿದ್ದೀಯಲ್ಲೋ” ಎಂದೋ ಹೇಳುವುದು ಪ್ರೀತಿಯ ಮಾತೆಂದೇ ನಡೆದುಬಂದಿದೆ. ಹದಿಮೂರರ ಮಗುವಿನ ಕಿವಿಗೆ ಅದು ಪ್ರೀತಿಯಾಗಿ ಕೇಳಿಸುತ್ತದೆಯೆಂದು ಹೇಳಲಾಗದು. ವ್ರತ, ಉಪವಾಸಗಳ ಬಗ್ಗೆಯೂ ಒಂದು ಮಾತು. ಏಕಾದಶಿಯ ಮರುದಿನ ಪಾರಣೆಯಿದೆ, ರೋಜಾದ ಸಂಜೆ ಇಫ್ತಾರ್ ಇದೆ. ಅಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಮನೆಯಲ್ಲಿ ಯಾರಿಗೂ ಇಲ್ಲದ ವ್ರತಗಳು ಮಗಳಿಗೊಬ್ಬಳಿಗೇ ವಾರದಿಂದ ವಾರಕ್ಕೆ ಹೆಚ್ಚುತ್ತ, ಮುಗಿದ ಮೇಲೂ ಅವಳು ತಟ್ಟೆಯ ಮುಂದೆ ಕೂರದಿದ್ದರೆ ಗಮನ ಕೊಡಬೇಕು. ಹುಡುಗರಲ್ಲಿ ಇದೇ ಭಯ ಜಿಮ್ಮಿನ ಹಾದಿ ಹಿಡಿದು, ಮಾಂಸಖಂಡ ಎದ್ದು ಕಾಣಬೇಕೆಂಬ ಹಂಬಲವಾಗಿ ತೋರುವುದರಿಂದ ಅದನ್ನು ಶಿಸ್ತೆಂದು ಮೆಚ್ಚುವವರೇ ಹೆಚ್ಚು.

ದೇಹಕ್ಕಾಗುವ ಹಾನಿಯಲ್ಲಿ ಎರಡೂ ಕಾಯಿಲೆಗಳ ದಾರಿ ಬೇರೆ. ಅನೊರೆಕ್ಸಿಯಾದಲ್ಲಿ ದೇಹ ತನ್ನ ಖರ್ಚನ್ನೆಲ್ಲ ಕಡಿತಗೊಳಿಸುತ್ತ ಹೋಗುತ್ತದೆ: ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮುಟ್ಟು ನಿಲ್ಲುತ್ತದೆ, ತಲೆಗೂದಲು ಉದುರಿ ಮೈಮೇಲೆ ಎಳೆಯ ರೋಮ ಬೆಳೆಯುತ್ತದೆ, ಹೃದಯದ ಸ್ನಾಯು ಸಹ ತೆಳುವಾಗುತ್ತದೆ. ಮೂಳೆಗಳು ಜೀವಮಾನಕ್ಕೆ ಬೇಕಾದ ಗಟ್ಟಿತನವನ್ನು ಕೂಡಿಸಿಕೊಳ್ಳುವುದು ಹದಿಹರೆಯದಲ್ಲೇ ಆದ್ದರಿಂದ ಆಗ ಕಳೆದುಕೊಂಡದ್ದು ಮುಂದೆ ಪೂರ್ತಿಯಾಗಿ ಮರಳದಿರಬಹುದು. ಬುಲಿಮಿಯಾದಲ್ಲಿ ಹೊರಗಿನಿಂದ ಏನೂ ಕಾಣದಿದ್ದರೂ ಪದೇಪದೇ ವಾಂತಿ, ಭೇದಿಗಳಿಂದ ರಕ್ತದಲ್ಲಿನ ಪೊಟ್ಯಾಸಿಯಂ ಕುಸಿಯುತ್ತದೆ. ಪೊಟ್ಯಾಸಿಯಂ ಕುಸಿದರೆ ಹೃದಯದ ಲಯ ಇದ್ದಕ್ಕಿದ್ದಂತೆ ತಪ್ಪಬಹುದು. ಹೊಟ್ಟೆಯ ಆಮ್ಲದಿಂದ ಹಲ್ಲಿನ ಒಳಬದಿ ಸವೆಯುತ್ತದೆ, ಕೆನ್ನೆಯ ಬಳಿಯ ಜೊಲ್ಲುಗ್ರಂಥಿಗಳು ಊದಿಕೊಳ್ಳುತ್ತವೆ. ಇದನ್ನು ಎಷ್ಟೋ ಸಲ ಮನೋವೈದ್ಯರಿಗಿಂತ ಮೊದಲು ದಂತವೈದ್ಯರು ಪತ್ತೆಹಚ್ಚಬಲ್ಲರು. 36 ಅಧ್ಯಯನಗಳನ್ನು ಕ್ರೋಡೀಕರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅನೊರೆಕ್ಸಿಯಾ ಇರುವವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಸುಮಾರು ಆರು ಪಟ್ಟು, ಬುಲಿಮಿಯಾ ಇರುವವರಲ್ಲಿ ಸುಮಾರು ಎರಡು ಪಟ್ಟು. ಅನೊರೆಕ್ಸಿಯಾದಿಂದಾದ ಐದು ಸಾವುಗಳಲ್ಲಿ ಒಂದು ಆತ್ಮಹತ್ಯೆ. ಮನಸ್ಸಿನ ಕಾಯಿಲೆಗಳಲ್ಲೇ ಇಷ್ಟು ಮಾರಕವಾದವು ಕೆಲವೇ ಇವೆ.

ಚಿಕಿತ್ಸೆಯ ಮೊದಲ ಹೆಜ್ಜೆ ಎರಡರಲ್ಲೂ ಹಸಿವನ್ನು ಕೊನೆಗೊಳಿಸುವುದೇ, ಆದರೆ ಅದನ್ನು ಮಾಡುವ ಬಗೆ ಬೇರೆ. ಅನೊರೆಕ್ಸಿಯಾದಲ್ಲಿ ತೂಕ ಮರಳುವವರೆಗೆ ಮಾತಿನ ಚಿಕಿತ್ಸೆ ಹೆಚ್ಚು ಒಳಕ್ಕಿಳಿಯುವುದಿಲ್ಲ, ಏಕೆಂದರೆ ಉಪವಾಸ ಬಿದ್ದ ಮಿದುಳು ತಾನೇ ಹಟ, ಭಯಗಳನ್ನು ಬೆಳೆಸುತ್ತಿರುತ್ತದೆ. ಹದಿಹರೆಯದವರಿಗೆ ಇಂದು ಅತಿ ಹೆಚ್ಚು ಆಧಾರವಿರುವ ವಿಧಾನ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆ. ಇದರಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬ ತೀರ್ಮಾನವನ್ನು ಸ್ವಲ್ಪ ಕಾಲ ತಂದೆತಾಯಿ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ, ಪ್ರತಿ ಊಟಕ್ಕೂ ಜೊತೆಗೆ ಕೂರುತ್ತಾರೆ; ಚೇತರಿಕೆ ಕಂಡಂತೆ ಆ ಹೊಣೆಯನ್ನು ಮಗುವಿಗೆ ಹಂತಹಂತವಾಗಿ ಹಿಂದಿರುಗಿಸುತ್ತಾರೆ. ಲಾಸೆಗ್ ಕಂಡಿದ್ದ ಗೋಗರೆತ, ಗದರಿಕೆಗಳ ನಡುವೆ ಮೂರನೆಯ ದಾರಿಯೊಂದು ಹೀಗೆ ತೆರೆಯಿತು: ಸಿಟ್ಟಿಲ್ಲದ, ಆದರೆ ಅಲುಗಾಡದ ನಿಲುವು. ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ನಂತರ ಈ ವಿಧಾನದಿಂದ ಪೂರ್ಣವಾಗಿ ಚೇತರಿಸಿಕೊಂಡವರು ಸುಮಾರು ಅರ್ಧದಷ್ಟು, ಮಗುವೊಬ್ಬರನ್ನೇ ಕೂರಿಸಿಕೊಂಡು ಮಾತಾಡುವ ಚಿಕಿತ್ಸೆಯಿಂದ ಕಾಲು ಭಾಗಕ್ಕಿಂತ ಕಡಿಮೆ. ಕೂಡುಕುಟುಂಬದ ಅಭ್ಯಾಸ ಇನ್ನೂ ಉಳಿದಿರುವ ನಮ್ಮ ಮನೆಗಳಿಗೆ ಇದು ಹೊಂದುವ ಕ್ರಮವೆಂದು ನನ್ನ ಭಾವನೆ. ಅಜ್ಜಿಯೂ ಚಿಕ್ಕಪ್ಪನೂ ಒಂದೊಂದು ದಿಕ್ಕಿಗೆ ಎಳೆಯದೆ ಒಂದೇ ಮಾತಿಗೆ ಬದ್ಧರಾಗಬೇಕಷ್ಟೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬಹಳ ದಿನ ಉಪವಾಸವಿದ್ದು ತೀರ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಪ್ರಾಣಕ್ಕೇ ಅಪಾಯ. ಪಿಷ್ಟ ಒಳಹೊಕ್ಕ ಕೂಡಲೇ ಏರುವ ಇನ್ಸುಲಿನ್, ರಕ್ತದಲ್ಲಿರುವ ಫಾಸ್ಫೇಟನ್ನು ಜೀವಕೋಶಗಳೊಳಗೆ ಎಳೆದುಕೊಳ್ಳುವಂತೆ ಮಾಡಿ ಹೃದಯ, ಉಸಿರಾಟಗಳನ್ನು ಏರುಪೇರು ಮಾಡಬಲ್ಲದು. ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಕೆಲವರು ಊಟ ಸಿಕ್ಕ ಮೇಲೆಯೇ ಸತ್ತದ್ದು ಹೀಗೆ. ಆದ್ದರಿಂದ ಅಂಥವರಿಗೆ ಊಟದ ಆರಂಭ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆಗಳ ಕಣ್ಗಾವಲಿನಲ್ಲೇ ಆಗಬೇಕು.

ಬುಲಿಮಿಯಾಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಹೆಚ್ಚು ಫಲಕಾರಿ. ಇಪ್ಪತ್ತರಷ್ಟು ಭೇಟಿಗಳಲ್ಲಿ ನಡೆಯುವ ಈ ಚಿಕಿತ್ಸೆಯ ತಿರುಳು ಕೇಳಲು ಸರಳ: ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಎರಡು ಮೂರು ಸಲ ಲಘು ತಿಂಡಿ. ವಿಪರೀತ ತಿನ್ನುವವರಿಗೆ ಇನ್ನಷ್ಟು ಸಲ ತಿನ್ನಲು ಹೇಳುವುದು ವಿಚಿತ್ರವೆನಿಸಿದರೂ, ಹಗಲಿನ ಹಸಿವು ನಿಂತರೆ ಸಂಜೆಯ ದಾಳಿಯ ಅರ್ಧ ಬಲ ಅಲ್ಲಿಗೇ ಮುರಿಯುತ್ತದೆ. ಆಮೇಲೆ ನಿಷೇಧದ ಪಟ್ಟಿಯನ್ನು ಒಂದೊಂದಾಗಿ ಸಡಿಲಿಸುವುದು, ತೂಕದ ಹೊರತಾಗಿಯೂ ತನಗೊಂದು ಬೆಲೆಯಿದೆಯೆಂದು ಮತ್ತೆ ಕಂಡುಕೊಳ್ಳುವುದು. ಡೆನ್ಮಾರ್ಕಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಐದು ತಿಂಗಳ ಈ ಚಿಕಿತ್ಸೆಯಿಂದ ನೂರಕ್ಕೆ 42 ಮಂದಿ ಸುಳಿಯಿಂದ ಹೊರಬಂದಿದ್ದರೆ, ಎರಡು ವರ್ಷದ ಮನೋವಿಶ್ಲೇಷಣೆಯ ಗುಂಪಿನಲ್ಲಿ ಅದೇ ಐದು ತಿಂಗಳಿಗೆ ಹೊರಬಂದವರು ಆರು ಮಂದಿ. ಫ್ಲೂಕ್ಸೆಟಿನ್ ಎಂಬ ಔಷಧಿಯೂ ಬುಲಿಮಿಯಾದಲ್ಲಿ ನೆರವಾಗುತ್ತದೆ. ಅನೊರೆಕ್ಸಿಯಾಕ್ಕೆ ಅಂಥ ನಂಬಬಹುದಾದ ಔಷಧಿ ಇನ್ನೂ ಇಲ್ಲ. ಅಲ್ಲಿ ಅನ್ನವೇ ಮದ್ದು.

ಗುಣವಾಗಲು ಹಿಡಿಯುವ ಕಾಲವೂ ಒಂದೇ ಅಲ್ಲ. ಬಾಸ್ಟನ್ನಿನ ಅದೇ ಸಂಶೋಧಕರು ತಮ್ಮ ರೋಗಿಗಳನ್ನು ಇನ್ನೂ ಮುಂದಕ್ಕೆ ಗಮನಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂಬತ್ತು ವರ್ಷಗಳಾಗುವ ಹೊತ್ತಿಗೆ ಬುಲಿಮಿಯಾ ಇದ್ದವರಲ್ಲಿ ನೂರಕ್ಕೆ 68 ಮಂದಿ ಗುಣವಾಗಿದ್ದರು, ಅನೊರೆಕ್ಸಿಯಾ ಇದ್ದವರಲ್ಲಿ 31 ಮಂದಿ ಮಾತ್ರ. ಆದರೆ 22 ವರ್ಷಗಳ ಕೊನೆಗೆ ಅನೊರೆಕ್ಸಿಯಾ ಇದ್ದವರಲ್ಲೂ 63ರಷ್ಟು ಮಂದಿ ಗುಣವಾಗಿದ್ದರು. ಹತ್ತು ವರ್ಷ ಕಳೆದರೂ ಹುಷಾರಾಗದವರ ಬಗ್ಗೆ ವೈದ್ಯರೂ ಮನೆಯವರೂ ಆಸೆ ಬಿಡಲು ಕಾರಣವಿಲ್ಲವೆಂಬುದು ಇದರ ಅರ್ಥ.

ಅನುಮಾನ ಬಂದಾಗ ಮೊದಲ ಮಾತು ತೂಕದ ಬಗ್ಗೆ, ರೂಪದ ಬಗ್ಗೆ ಇರದಿದ್ದರೆ ಒಳ್ಳೆಯದು. “ನೀನು ಊಟಕ್ಕೆ ಕೂತಾಗ ಹೆದರಿದ ಹಾಗೆ ಕಾಣುತ್ತೀಯಮ್ಮ, ನನಗೆ ನಿನ್ನದೇ ಯೋಚನೆ” ಎಂಬಂಥ ಮಾತು ಬಾಗಿಲು ತೆರೆಯಬಹುದು; “ತಿಂದರೆ ಎಲ್ಲಾ ಸರಿಹೋಗುತ್ತೆ” ಎಂಬ ಮಾತು ಅದನ್ನು ಮುಚ್ಚುತ್ತದೆ. ಊಟವಾದ ಕೂಡಲೇ ಪ್ರತಿದಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಎಲ್ಲರ ಜೊತೆ ಉಣ್ಣದಿರಲು ಸದಾ ನೆಪ ಹೇಳುವುದು, ಜ್ವರವಿದ್ದರೂ ವ್ಯಾಯಾಮ ಬಿಡದಿರುವುದು, ಮೂರು ತಿಂಗಳಿಂದ ಮುಟ್ಟಾಗದಿರುವುದು ಇವನ್ನೆಲ್ಲ ವೈದ್ಯರ ಮುಂದೆ ಬಿಡಿಸಿ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳು, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡ, ಇವುಗಳಲ್ಲಿ ಹತ್ತಿರವಿದ್ದಲ್ಲಿಗೆ ಹೋಗಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಎಂದಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಲೆಸುತ್ತಿ ಬಿದ್ದರೆ, ಎದೆಬಡಿತ ತೀರ ನಿಧಾನವಾದರೆ ಇಲ್ಲವೆ ಲಯ ತಪ್ಪಿದಂತೆನಿಸಿದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರೂ ಒಳಗೆ ಹೋಗದಿದ್ದರೆ, ಬದುಕುವುದೇ ಬೇಡವೆಂಬ ಮಾತು ಬಂದರೆ ಮಾತ್ರ ಸಹಾಯವಾಣಿಗಾಗಲಿ ಮುಂದಿನ ಅಪಾಯಿಂಟ್‌ಮೆಂಟಿಗಾಗಲಿ ಕಾಯದೆ ಅದೇ ಹೊತ್ತಿಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದು, ಇಸಿಜಿ ಮತ್ತು ಪೊಟ್ಯಾಸಿಯಂ ಪರೀಕ್ಷೆಗಳನ್ನು ಮಾಡಿಸಬೇಕು. ಆ ಹೊತ್ತಿನಲ್ಲಿ ತೂಕ ಎಷ್ಟಿದೆ ಎಂಬುದು ಮುಖ್ಯವಲ್ಲ.